ಜಿಗಣಿಯಲ್ಲಿ ನನ್ನ ರಕ್ತಕ್ಕೆ ಬಂದ ಬಾಲ

ವೈಟ್‌ಫೀಲ್ಡಿನವರ ಪ್ರಕಾರ ನಾನು ಆರೋಗ್ಯವಂತೆ. ಪೀಣ್ಯದವರ ಪ್ರಕಾರವೂ ಹೆಚ್ಚುಕಡಿಮೆ ಆರೋಗ್ಯವಂತೆಯೇ. ನಾನು ಸಂಬಳ ತೆಗೆದುಕೊಂಡು ಕೆಲಸ ಮಾಡುತ್ತಿದ್ದ ಜಿಗಣಿಯ ಲ್ಯಾಬಿನ ಪ್ರಕಾರ ಮಾತ್ರ ನನ್ನ ರಕ್ತ ಯಾವುದೋ ಎಕ್ಸ್‌ರೇ ಯಂತ್ರದೊಳಗೆ ವಾರಗಟ್ಟಲೆ ಮಲಗಿ ಎದ್ದು ಬಂದಿತ್ತು.

ಮೂರೂ ಕಡೆ ಹೋಗಿದ್ದು ಒಂದೇ ರಕ್ತ, ನನ್ನ ಎಡಗೈಯಿಂದ ಒಂದೇ ಬೆಳಿಗ್ಗೆ ತೆಗೆದದ್ದು. ಬಣ್ಣದ ಕಾರ್ಖಾನೆಗಳಲ್ಲಿ ದುಡಿಯುವವರ ರಕ್ತದ ಕಣಗಳಲ್ಲಿ ಡಿಎನ್‌ಎಗೆ ಎಷ್ಟು ಪೆಟ್ಟು ಬಿದ್ದಿದೆ ಎಂದು ಅಳೆಯುವ ದೊಡ್ಡದೊಂದು ಕೆಲಸ ಶುರುವಾಗುವುದರಲ್ಲಿತ್ತು. ಅದನ್ನು ಮೂರು ಲ್ಯಾಬುಗಳು ಹಂಚಿಕೊಂಡು ಮಾಡಬೇಕು. ಅದಕ್ಕೂ ಮೊದಲು ಮೂವರ ಅಳತೆಗೋಲೂ ಒಂದೇ ಎಂದು ಖಾತ್ರಿಯಾಗಬೇಕು. ಹಾಗಾಗಿ ಒಬ್ಬರ ರಕ್ತವನ್ನು ಪುಟ್ಟ ಕೊಳವೆಗಳಿಗೆ ಹಂಚಿ, ನಮ್ಮ ಕಟ್ಟಡದ ಫ್ರೀಜರಿನಲ್ಲಿ ಗಟ್ಟಿಮಾಡಿ, ಯಾರದೆಂದು ಹೇಳದೆ ಮೂರೂ ಕಡೆ ಕೊಟ್ಟಿದ್ದರು. ರಕ್ತ ಕೊಡಲು ಕೈಯೆತ್ತಿದವಳು ನಾನು. ಪ್ರತಿಫಲವಾಗಿ ಒಂದು ಮಾವಿನ ಜ್ಯೂಸ್, ಮಧ್ಯಾಹ್ನದವರೆಗೆ ರಜೆ.

ಪರೀಕ್ಷೆಯನ್ನು ಹೇಳುವುದು ಸುಲಭ. ರಕ್ತದ ಬಿಳಿಕಣಗಳನ್ನು ತೆಳು ಜೆಲ್ಲಿಯಲ್ಲಿ ಕಲಸಿ ಗಾಜಿನ ಸ್ಲೈಡಿನ ಮೇಲೆ ಹರಡಬೇಕು. ಉಪ್ಪು ಮತ್ತು ಸೋಪಿನಂಥ ದ್ರಾವಣದಲ್ಲಿ ಮರುದಿನದವರೆಗೆ ಇಟ್ಟರೆ ಕಣದ ಸಿಪ್ಪೆಯೆಲ್ಲ ಕರಗಿ ಡಿಎನ್‌ಎ ಉಂಡೆ ಮಾತ್ರ ಉಳಿಯುತ್ತದೆ. ಆಮೇಲೆ ಸ್ಲೈಡುಗಳನ್ನು ಕ್ಷಾರದ ನೀರು ತುಂಬಿದ ಟ್ಯಾಂಕಿನಲ್ಲಿ ಇಪ್ಪತ್ತು ನಿಮಿಷ ನೆನೆಸಬೇಕು. ಡಿಎನ್‌ಎಯ ಹುರಿ ಬಿಚ್ಚಿಕೊಳ್ಳುವುದು ಅಲ್ಲೇ. ಕೊನೆಗೆ ಅದೇ ಟ್ಯಾಂಕಿಗೆ ಕರೆಂಟ್ ಹಾಯಿಸಿದರೆ, ತುಂಡಾದ ಡಿಎನ್‌ಎ ಉಂಡೆಯಿಂದ ಹೊರಗೆ ಹರಿದು ಧೂಮಕೇತುವಿನ ಹಾಗೆ ಬಾಲ ಬಿಡುತ್ತದೆ. ಬಾಲ ಉದ್ದವಾದಷ್ಟೂ ಹಾನಿ ಜಾಸ್ತಿ. ನನ್ನ ಕಣಗಳಿಗೆ ವೈಟ್‌ಫೀಲ್ಡಿನಲ್ಲಿ ಮೊಲದ ಬಾಲ, ಜಿಗಣಿಯಲ್ಲಿ ನವಿಲಿನ ಬಾಲ.

ಫಲಿತಾಂಶ ಬಿಚ್ಚಿಟ್ಟ ಸಭೆ ನಡೆದದ್ದು ವೈಟ್‌ಫೀಲ್ಡಿನ ಲ್ಯಾಬಿನಲ್ಲಿ. ನಮ್ಮ ಕಡೆಯಿಂದ ಮ್ಯಾನೇಜರ್, ನಾನು ಮತ್ತು ನಮ್ಮ ಹಿರಿಯ ಟೆಕ್ನಿಷಿಯನ್ ಹೋಗಿದ್ದೆವು. ಟೆಕ್ನಿಷಿಯನ್ನರನ್ನು ಇಡೀ ಲ್ಯಾಬು ಅಕ್ಕ ಅನ್ನುತ್ತಿತ್ತು. ಅವರು ಜಿಗಣಿ ಪಕ್ಕದ ಊರಿನವರೇ. ಈಗ ನಮ್ಮ ಫ್ರೀಜರ್ ಇರುವ ಜಾಗದಲ್ಲಿ ಅವರ ಮಾವ ರಾಗಿ ಬೆಳೆಯುತ್ತಿದ್ದರಂತೆ. ಬಾಟಲಿ ತೊಳೆಯುವುದಕ್ಕೆ ಸೇರಿ, ನೋಡಿ ನೋಡಿಯೇ ಕಲಿತು, ಸೇರಿದ ಏಳು ವರ್ಷಕ್ಕೆ ಪರೀಕ್ಷೆ ಮಾಡುವ ಬೆಂಚಿನ ಮುಂದೆ ಕೂತವರು. ಜೆಲ್ಲಿ ಹರಡುವುದರಲ್ಲಿ ಅವರಂಥ ಕೈ ನಾನು ಕಂಡಿಲ್ಲ. ಹೋಟೆಲಿನ ದೋಸೆ ಭಟ್ಟರ ಹಾಗೆ, ಬೇರೆಲ್ಲೋ ನೋಡುತ್ತ ಮಾಡಿದರೂ ಪದರ ಒಂದೇ ಸಮ.

ನಾನು ಮಾತಾಡಲು ಎದ್ದೆ. ಕಾಲೇಜಿನ ಐದು ವರ್ಷ ನಾನು ಚರ್ಚಾಸ್ಪರ್ಧೆಗಳಲ್ಲೇ ಬೆಳೆದವಳು. ಪರವೋ ವಿರೋಧವೋ ಎಂಬುದನ್ನು ಚೀಟಿ ಎತ್ತಿ ತಿಳಿಯುತ್ತಿದ್ದ ನಮಗೆ ಯಾವ ಪಕ್ಷ ಸರಿ ಅನ್ನುವ ಪ್ರಶ್ನೆಯೇ ಏಳುತ್ತಿರಲಿಲ್ಲ. ಇಲ್ಲಿ ಚೀಟಿ ನನ್ನದೇ ಲ್ಯಾಬಿನ ಹೆಸರಿಗೆ ಬಂದಿತ್ತು.

"ಇಬ್ಬರು ಒಂದೇ ತಪ್ಪು ಮಾಡಿದ್ರೆ ಅದು ಸರಿ ಆಗಲ್ಲ," ಅಂದೆ. "ನಮ್ಮ ಫಾರಂ ನೋಡಿ. ಒಂದೊಂದು ಹಂತಕ್ಕೂ ಟಿಕ್ ಇದೆ, ಕೆಳಗೆ ಮಾಡಿದವರ ಸಹಿ, ಪರಿಶೀಲಿಸಿದವರ ಸಹಿ, ಎರಡೂ ಇದೆ." ಪರಿಶೀಲಿಸಿದವರು ನಾನು. "ಇನ್ನು ಪ್ರಯಾಣದ ವಿಷಯ. ನಮ್ಮ ಕೊಳವೆ ಒಂದು ಮಹಡಿ ಇಳಿದು ಬಂತು, ಅಷ್ಟೇ. ನಿಮ್ಮದು ಸಿಲ್ಕ್ ಬೋರ್ಡು, ಮಾರತ್ತಹಳ್ಳಿ ಎರಡೂ ದಾಟಿ ಬಂದಿದೆ. ಐಸ್ ಪೆಟ್ಟಿಗೆಯಾದ್ರೂ ಎಷ್ಟೂಂತ ತಡ್ಕೊಳುತ್ತೆ? ದಾರೀಲಿ ಕರಗಿದ ರಕ್ತ ಕೆಡೋದೇ ಅಲ್ವಾ?"

ವೈಟ್‌ಫೀಲ್ಡಿನ ಮೇಡಂ ನಿಧಾನವಾಗಿ ಕನ್ನಡಕ ಒರೆಸಿಕೊಂಡರು. "ಕರಗಿ ಕೆಟ್ಟಿದ್ರೆ ನಮ್ಮದರಲ್ಲಿ ಹಾನಿ ಜಾಸ್ತಿ ಕಾಣ್ಬೇಕಿತ್ತಲ್ವೇನಮ್ಮ? ಕಡಿಮೆ ಯಾಕಿದೆ?"

ಚರ್ಚಾಸ್ಪರ್ಧೆಯಲ್ಲಾಗಿದ್ದರೆ ಅಷ್ಟರಲ್ಲಿ ಗಂಟೆ ಹೊಡೆದು ನನ್ನನ್ನು ಉಳಿಸುತ್ತಿತ್ತು. ಇಲ್ಲಿ ಗಂಟೆಯಿರಲಿಲ್ಲ. ಪೀಣ್ಯದ ಟೆಕ್ನಿಷಿಯನ್ ಒಬ್ಬರು, ಐವತ್ತರ ಆಸುಪಾಸಿನ ಮನುಷ್ಯ, ಇಡೀ ಸಭೆಯಲ್ಲಿ ಬಾಯಿ ಬಿಡದೆ ಬಿಸ್ಕತ್ತು ತಿನ್ನುತ್ತಿದ್ದವರು, ತಟ್ಟೆಯನ್ನು ನನ್ನ ಕಡೆ ಸರಿಸಿದರು.

ವಾಪಸು ಬರುವಾಗ ಕಾರಿನಲ್ಲಿ ಮ್ಯಾನೇಜರ್ ಮುಂದಿನ ಸೀಟಿನಿಂದ ಹಿಂದೆ ತಿರುಗದೆ ಹೇಳಿದರು. "ನೋಡಿ, ಮೂರು ವಾರಕ್ಕೆ ಎರಡನೇ ಸುತ್ತು. ಅದೂ ಹೀಗೇ ಬಂದ್ರೆ ನಮ್ಮನ್ನ ಪ್ರಾಜೆಕ್ಟಿಂದ ಬಿಡ್ತಾರೆ. ಅಲ್ಲೀತನಕ ಹೋಗೋಕೆ ಬಿಡಲ್ಲ ನಾನು. ಕೈ ಬದಲಾಯಿಸ್ತೀನಿ. ಅಕ್ಕ ರಿಸೆಪ್ಷನ್ನಲ್ಲಿ ಸ್ಯಾಂಪಲ್ ತಗೊಳ್ಲಿ, ಬೆಂಚಿಗೆ ಬೇರೆಯವರು ಬರ್ಲಿ."

ಅಕ್ಕ ಕಿಟಕಿಯ ಹೊರಗೆ ನೋಡುತ್ತಿದ್ದರು. ಕಾರು ಬೊಮ್ಮಸಂದ್ರ ದಾಟಿತು. ಆಮೇಲೆ ನನಗೆ ಮಾತ್ರ ಕೇಳುವ ಹಾಗೆ, "ಬಾಟ್ಲಿ ತೊಳ್ಯೋ ಸಿಂಕು ರಿಸೆಪ್ಷನ್ ಪಕ್ಕದಾಗೇ ಐತೆ," ಅಂದರು.

ಒಂದು ವಾರದ ಗಡುವು ಕೇಳಿ ಪಡೆದೆ. ಅಕ್ಕನ ಕೈಯಲ್ಲಿ ದೋಷವಿಲ್ಲ ಎಂದು ಸಾಬೀತು ಮಾಡುವುದು ನನ್ನ ಪಣ. ಅದೇ ರಕ್ತದ ಕೊಳವೆಗಳು ಫ್ರೀಜರಿನಲ್ಲಿ ಇನ್ನೂ ಉಳಿದಿದ್ದವು. ಶುರು ಮಾಡಿದೆವು.

ಮೊದಲು ಜೆಲ್ಲಿ. ಹೊಸ ಡಬ್ಬಿ ಒಡೆದು ಹೊಸದಾಗಿ ಕಾಯಿಸಿದೆವು. ನವಿಲುಬಾಲ. ಆಮೇಲೆ ಕ್ಷಾರದ ನೀರು. ಅಳೆಯುವ ಮೀಟರನ್ನೇ ಅನುಮಾನಿಸಿ ಪಕ್ಕದ ಔಷಧಿ ಕಾರ್ಖಾನೆಯ ಮೀಟರನ್ನು ಬೇಡಿ ತಂದು ಅಳೆದೆವು. ಎರಡೂ ಒಂದೇ ತೋರಿಸಿದವು, ಬಾಲವೂ ಅದೇ. ಟ್ಯಾಂಕು ವಾಲಿದ್ದರೆ ಕರೆಂಟು ಒಂದು ಕಡೆ ಹೆಚ್ಚಾಗುತ್ತದೆ ಎಂದು ಎದುರು ರಸ್ತೆಯಲ್ಲಿ ಕಟ್ಟಡ ಕಟ್ಟುತ್ತಿದ್ದ ಮೇಸ್ತ್ರಿಯ ಹತ್ತಿರ ರಸಮಟ್ಟ ಎರವಲು ತಂದೆ. ಮೇಸ್ತ್ರಿಯೇ ಕುತೂಹಲಕ್ಕೆ ಜೊತೆಗೆ ಬಂದರು. ಗಾಜಿನಾಚೆಯಿಂದ ಬಗ್ಗಿ ನೋಡಿ, "ಸಿಂಟೆಕ್ಸ್ ಇಡಾಕೆ ಇಷ್ಟು ಮಟ್ಟ ಸಾಕು ಮೇಡಂ," ಅಂದರು. ಟ್ಯಾಂಕು ಮಟ್ಟವಾಗಿಯೇ ಇತ್ತು.

ಆಯುಧಪೂಜೆಯ ದಿನ ಅಕ್ಕ ಕರೆಂಟ್ ಪೆಟ್ಟಿಗೆಗೆ ಇಟ್ಟಿದ್ದ ಕುಂಕುಮವನ್ನೂ ನಾನು ಬಿಡಲಿಲ್ಲ. ಕುಂಕುಮದ ಪುಡಿ ಗುಂಡಿಯ ಸಂದಿಗೆ ಬಿದ್ದು ವೋಲ್ಟೇಜ್ ಏರುಪೇರಾಗಿರಬಹುದೆಂದು ಸ್ಪಿರಿಟ್ ಹಾಕಿ ಒರೆಸಿದೆ.

"ಅದೇನು ಮಾಡಿತ್ತಮ್ಮ ನಿಂಗೆ?" ಅಂದರು ಅಕ್ಕ.

"ಅನುಮಾನದ ಪಟ್ಟೀಲಿತ್ತು ಅಕ್ಕ."

"ನಾನೂ ಅದೇ ಪಟ್ಟೀಲಿ ಇವ್ನಿ. ನನ್ನೂ ಒರ್ಸಿಬಿಡು."

ಮರುದಿನದ ಬಾಲ ಕುಂಕುಮವಿಲ್ಲದೆಯೂ ಅಷ್ಟೇ ಉದ್ದವಿತ್ತು.

ಉಳಿದದ್ದು ಕಣ್ಣು. ಒಂದೇ ಬಾಲವನ್ನು ಒಬ್ಬರು ಉದ್ದ ಅನ್ನಬಹುದು, ಇನ್ನೊಬ್ಬರು ಗಿಡ್ಡ ಅನ್ನಬಹುದು. ನಮ್ಮ ಸ್ಲೈಡುಗಳನ್ನು ಡಬ್ಬಿಯಲ್ಲಿ ಹಾಕಿಕೊಂಡು ಪೀಣ್ಯಕ್ಕೆ ಹೊರಟೆ. ತುಮಕೂರು ರಸ್ತೆಯಲ್ಲಿ ಆಗ ಮೆಟ್ರೋ ಕಂಬಗಳು ಎದ್ದಿದ್ದವು, ರೈಲಿನ್ನೂ ಬಂದಿರಲಿಲ್ಲ. ಎರಡೂವರೆ ಗಂಟೆ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲೆ ಮಗುವಿನಂತೆ ಹಿಡಿದು ಕೂತೆ. ಬಿಸ್ಕತ್ತಿನ ಟೆಕ್ನಿಷಿಯನ್ ನಮ್ಮ ಸ್ಲೈಡಿನ ಬಾಲಗಳನ್ನು ಉದ್ದ ಗಿಡ್ಡ ಎಂದು ವಿಂಗಡಿಸಿ ಎಣಿಸಿದರು, ನಾನು ಅವರದು ಎಣಿಸಿದೆ. ಹಳೆಯ ಎಣಿಕೆಯ ಕಾಗದ ಪಕ್ಕಕ್ಕಿಟ್ಟರೆ ನಮ್ಮ ಸ್ಲೈಡಿನಲ್ಲಿ ಅವರಿಗೂ ನವಿಲು, ಅವರದರಲ್ಲಿ ನನಗೂ ಮೊಲ. ಅಂದರೆ ಕಣ್ಣು ನಿರಪರಾಧಿ. ಬಾಲ ನಿಜವಾಗಿಯೂ ನಮ್ಮ ಸ್ಲೈಡಿನಲ್ಲೇ ಹುಟ್ಟುತ್ತಿತ್ತು.

ಅಷ್ಟರಲ್ಲಿ ಜಿಗಣಿಯಿಂದ ಮ್ಯಾನೇಜರ್ ಫೋನು. ನಾನಿಲ್ಲದ ಆ ದಿನ ಅಕ್ಕ ಒಬ್ಬರೇ ಮಾಡಿದ ಸ್ಲೈಡುಗಳು ಬಂದಿದ್ದವು. ಮೊಲದ ಬಾಲ. ವೈಟ್‌ಫೀಲ್ಡಿಗೆ ಹೊಂದುವಂಥದ್ದು.

ನನಗೆ ಕುಣಿಯುವಷ್ಟು ಸಂತೋಷವಾಯಿತು. ಮ್ಯಾನೇಜರಿಗೆ ಆಗಿರಲಿಲ್ಲ. "ಗೊತ್ತಾಯ್ತಾ? ಒಬ್ರೇ ಇದ್ದಾಗ ಜವಾಬ್ದಾರಿ ಇತ್ತು, ಜೋಪಾನವಾಗಿ ಮಾಡಿದ್ರು. ಅಂದ್ರೆ ಮಿಕ್ಕ ದಿನ ಮನಸ್ಸಿಟ್ಟು ಮಾಡ್ತಿಲ್ಲ. ಸೋಮವಾರದಿಂದ ಬೆಂಚಿಗೆ ಬೇರೆಯವರು."

ಒಳ್ಳೆಯ ಫಲಿತಾಂಶವೇ ಅಕ್ಕನ ವಿರುದ್ಧ ಸಾಕ್ಷಿಯಾಗುತ್ತದೆಂದು ನಾನೂ ಊಹಿಸಿರಲಿಲ್ಲ. ವಾದ ಮಾಡಿದೆ. ಒಂದು ದಿನದ ಫಲಿತಾಂಶದಿಂದ ಮನುಷ್ಯರ ಮನಸ್ಸನ್ನು ಅಳೆಯಲಾಗದು ಅಂದೆ, ಅದು ಅಂದೆ, ಇದು ಅಂದೆ. ಅವರು, "ಬ್ಯಾಟರಿ ಹೋಗ್ತಿದೆ," ಅಂತ ಫೋನಿಟ್ಟರು.

ಎದುರಿಗಿದ್ದ ಟೆಕ್ನಿಷಿಯನ್ ಎಲ್ಲ ಕೇಳಿಸಿಕೊಂಡಿದ್ದರು. "ನಿಮ್ಮ ಫಾರಂ ತೋರ್ಸಿ ಮೇಡಂ," ಅಂದರು. ತೋರಿಸಿದೆ. ಅಲ್ಲಿ 'ಇಪ್ಪತ್ತು ನಿಮಿಷ ನೆನೆಸಲಾಗಿದೆ' ಎಂದು ಮೊದಲೇ ಅಚ್ಚಾಗಿತ್ತು, ಪಕ್ಕದಲ್ಲಿ ಟಿಕ್ ಮಾಡಲು ಚೌಕ. "ಎಲ್ಲಾನೂ ಅಚ್ಚಾಗಿದೆ. ನಡೆದಿದ್ದು ಎಲ್ಲಿದೆ?"

ಆ ಪ್ರಶ್ನೆಯಿಂದಲೇ ನನ್ನ ತೀರ್ಮಾನ ಹುಟ್ಟಿತು. ಹೊರಗಿನವರು ಒಬ್ಬರು ಬಂದು ಒಂದು ದಿನ ನಮ್ಮ ಜೊತೆ ಇರಬೇಕು. ನಮಗೆ ಅವರು ಏನೂ ಹೇಳಬಾರದು, ಅವರಿಗೆ ನಾವೂ ಏನೂ ವಿವರಿಸಬಾರದು. ಕಂಡದ್ದನ್ನು ಕಂಡ ಹೊತ್ತಿನ ಸಮೇತ ಬರೆಯಬೇಕು. ಅಕ್ಕ ಎಷ್ಟು ಮನಸ್ಸಿಟ್ಟು ಮಾಡುತ್ತಾರೆಂದು ಮ್ಯಾನೇಜರಿಗೆ ಆಗ ಗೊತ್ತಾಗುತ್ತದೆ. ಎದುರಿಗಿದ್ದ ಟೆಕ್ನಿಷಿಯನ್ನರನ್ನೇ ಕೇಳಿದೆ. ಒಪ್ಪಿದರು. "ಮಾತಾಡ್ಬಾರ್ದು ಅಂದ್ರೆ ನಂಗೇನೂ ಕಷ್ಟ ಇಲ್ಲ," ಅಂದರು.

ಶುಕ್ರವಾರ ಬೆಳಿಗ್ಗೆ ಅವರು ಎರಡು ಬಸ್ಸು ಬದಲಿಸಿ, ಕೈಯಲ್ಲಿ ಹಾಳೆ ಸಿಕ್ಕಿಸಿದ ರಟ್ಟೊಂದನ್ನು ಹಿಡಿದು ಬಂದರು. ಅಕ್ಕ ಹೊಸ ಗ್ಲೌಸ್ ಹಾಕಿಕೊಂಡಿದ್ದರು, ಹಣೆಗೆ ಸ್ವಲ್ಪ ಹೆಚ್ಚೇ ವಿಭೂತಿ. ಸ್ಲೈಡುಗಳನ್ನು ದ್ರಾವಣದಿಂದ ಎತ್ತಿ, ತೊಳೆದು, ಹಳದಿ ದೀಪದ ಕೋಣೆಯಲ್ಲಿ ಟ್ಯಾಂಕಿಗೆ ಸಾಲಾಗಿ ಜೋಡಿಸಿದರು. ಒಂದಕ್ಕೊಂದು ತಾಗದ ಹಾಗೆ, ಒಂದೂ ತೇಲದ ಹಾಗೆ. ನನಗೆ ಹೆಮ್ಮೆಯಾಯಿತು. ಟೈಮರ್ ತಿರುಗಿಸಿ ಇಟ್ಟರು. ನೆನೆಯುವ ಇಪ್ಪತ್ತು ನಿಮಿಷ ಯಾರೂ ಏನೂ ಮಾಡುವಂತಿಲ್ಲ. ಲ್ಯಾಬಿನೊಳಗೆ ತಿಂಡಿ ಕಾಫಿ ನಿಷಿದ್ಧ. ಹಾಗಾಗಿ ನಿಯಮದ ಪ್ರಕಾರವೇ ದಿನಾಲೂ ಮಾಡುವಂತೆ ಗೇಟಿನಾಚೆಯ ಟೀ ಅಂಗಡಿಗೆ ಹೋದೆವು. ಅವರೂ ರಟ್ಟು ಹಿಡಿದುಕೊಂಡೇ ಹಿಂದೆ ಬಂದರು. ಟೀ ಅಂಗಡಿಯಲ್ಲೂ ಬರೆಯುತ್ತಿರುವುದನ್ನು ನೋಡಿ, ಪಾಪ, ಬಸ್ಸಿನ ಖರ್ಚು ಬರೆದುಕೊಳ್ಳುತ್ತಿರಬೇಕು ಅಂದುಕೊಂಡೆ.

ಸಂಜೆ ಸ್ಲೈಡು ನೋಡಿದರೆ ನವಿಲು. ಅಕ್ಕ ಸ್ಟೂಲು ಎಳೆದು ಕೂತರು. ಪೀಣ್ಯದ ಟೆಕ್ನಿಷಿಯನ್ ರಟ್ಟು ಎತ್ತಿಕೊಂಡು, "ಓದ್ಲಾ?" ಅಂದರು. ಬೆಳಗಿನ ಭಾಗವನ್ನೆಲ್ಲ ಓದಿ ಟ್ಯಾಂಕಿಗೆ ಬಂದರು.

"ಹತ್ತು ಐವತ್ತೆಂಟು. ಸ್ಲೈಡು ಟ್ಯಾಂಕಿಗೆ. ಟೈಮರ್ ಇಪ್ಪತ್ತಕ್ಕೆ.

"ಹನ್ನೊಂದು. ಇಬ್ಬರೂ ಟೀ ಅಂಗಡಿ.

"ಹನ್ನೊಂದು ಐದು. ಗೇಟಿಗೆ ದೃಷ್ಟಿಗೆ ಕಟ್ಟಿರೋ ಬೂದುಗುಂಬಳಕಾಯಿ ವಿಷಯ ಮೇಡಂ ಎತ್ತಿದರು.

"ಹನ್ನೊಂದು ಹದಿನಾಲ್ಕು. ಟೆಕ್ನಿಷಿಯನ್ ಎದ್ದರು. ಮೇಡಂ, ಇರಿ ಅಕ್ಕ ಒಂದೇ ಪಾಯಿಂಟ್ ಅಂದರು. ಕೂತರು.

"ಹನ್ನೊಂದು ಹದಿನೆಂಟು. ಒಳಗೆ ಟೈಮರ್ ಹೊಡೆದಿರಬೇಕು. ಗೇಟಿನ ತನಕ ಕೇಳಿಸಲ್ಲ.

"ಹನ್ನೊಂದು ಇಪ್ಪತ್ತೊಂದು. ಟೆಕ್ನಿಷಿಯನ್ ಮತ್ತೆ ಎದ್ದರು. ಮೇಡಂ, ಕುಂಬಳಕಾಯಿ ಇಲ್ಲದ ಲ್ಯಾಬಿನ ಜೊತೆ ಹೋಲಿಸಿ ನೋಡಿದ್ದೀರಾ ಅಂತ ಕೇಳಿದರು. ಕೂತರು.

"ಹನ್ನೊಂದು ಇಪ್ಪತ್ತೊಂಬತ್ತು. ಟೀ ಅಂಗಡಿಯವರು ಅಭಿಪ್ರಾಯ ಹೇಳಿದರು. ಮೇಡಂ ಪರ ಅಲ್ಲ.

"ಹನ್ನೊಂದು ಮೂವತ್ತನಾಲ್ಕು. ವಾಪಸ್. ಹನ್ನೊಂದು ಮೂವತ್ತೇಳು, ಕರೆಂಟ್ ಆನ್."

ಕೂಡಿ ಕಳೆಯುವುದಕ್ಕೆ ಯಾರಿಗೂ ಕ್ಯಾಲ್ಕುಲೇಟರ್ ಬೇಕಿರಲಿಲ್ಲ. ಇಪ್ಪತ್ತು ನಿಮಿಷ ನೆನೆಯಬೇಕಾದ ನನ್ನ ರಕ್ತ ಮೂವತ್ತೊಂಬತ್ತು ನಿಮಿಷ ನೆನೆದಿತ್ತು. ಫಾರಂ ತೆಗೆದು ನೋಡಿದೆ. ಇಪ್ಪತ್ತು ನಿಮಿಷದ ಮುಂದೆ ಟಿಕ್, ಕೆಳಗೆ ನನ್ನ ಸಹಿ. ಹಿಂದಿನ ಹಾಳೆಯಲ್ಲೂ, ಅದರ ಹಿಂದಿನದರಲ್ಲೂ.

"ಅಕ್ಕ, ಟೈಮ್ ಆಯ್ತು ಅಂತ ನೀವು ಒಂದ್ಸಲನಾದ್ರೂ ಗಟ್ಟಿಯಾಗಿ ಹೇಳ್ಬಾರ್ದಾ?"

ಅಕ್ಕ ಆಶ್ಚರ್ಯದಿಂದ ನೋಡಿದರು. "ನೀನೇ ಅಂದಿದ್ದಲ್ಲಮ್ಮ. ಸೇರಿದ ಮೊದಲ್ನೇ ತಿಂಗ್ಳು. ಇಪ್ಪತ್ತು ಅನ್ನೋದೇನು ವೇದವಾಕ್ಯನಾ, ಇಪ್ಪತ್ತೈದಾದ್ರೆ ಆಕಾಶ ಬೀಳ್ತದಾ, ಪ್ರೂಫ್ ಎಲ್ಲೈತೆ ಅಂತ. ಅವತ್ತು ನಾನು ಓಡಿ ಓಗಾಕೆ ಎದ್ರೆ ಅರ್ಧ ಗಂಟೆ ಯೋಳ್ದೆ. ನಾನಂದೆ ಸರಿ, ಓದಿರೋ ಮಗು, ತಿಳ್ಕೊಂಡೇ ಯೋಳ್ತದೆ. ಬೇಳೆ ಇನ್ನೊಸಿ ನೆಂದ್ರೆ ಏನಂತೆ."

"ಮತ್ತೆ ನಾನಿಲ್ಲದ ದಿನ?"

"ನೀನಿಲ್ದಿದ್ರೆ ಒಂದು ಟೀ ಕುಡ್ಯಾಕೆ ಎಷ್ಟೊತ್ತು ಬೇಕು?"

ಅವತ್ತು ನಾನು ಅಂದದ್ದು ನನಗೆ ನೆನಪೇ ಇರಲಿಲ್ಲ. ಅದೊಂದು ಅಭಿಪ್ರಾಯವೂ ಆಗಿರಲಿಲ್ಲ, ಬಾಯಿಯ ವ್ಯಾಯಾಮ. ಯಾವುದನ್ನೂ ಕೇಳಿದ ಕೂಡಲೇ ನಂಬಬೇಡಿ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ ನನ್ನನ್ನು, ಕೇಳಿದ ಕೂಡಲೇ ನಂಬಿದವರು ಒಬ್ಬರು ಸಿಕ್ಕಿದ್ದರು. ಆ ನಂಬಿಕೆಗಾಗಿ ಈಗ ಬೆಂಚು ಕಳೆದುಕೊಳ್ಳುವುದರಲ್ಲಿದ್ದರು.

ಹಾಗಂತ ನಾನು ತಕ್ಷಣ ಸೋಲೊಪ್ಪಲಿಲ್ಲ. ಶನಿವಾರ ಟೀ ಬಿಟ್ಟು, ಅದೇ ರಕ್ತದ ಸ್ಲೈಡುಗಳಲ್ಲಿ ಅರ್ಧವನ್ನು ಇಪ್ಪತ್ತು ನಿಮಿಷ, ಅರ್ಧವನ್ನು ಮೂವತ್ತೊಂಬತ್ತು ನಿಮಿಷ ನೆನೆಸಿ ಬೇರೆ ಬೇರೆಯಾಗಿ ಕರೆಂಟ್ ಹಾಯಿಸಿದೆವು. ಯಾವುದು ಯಾವುದೆಂದು ಗೊತ್ತಾಗದ ಹಾಗೆ ಅಕ್ಕ ಚೀಟಿ ಅಂಟಿಸಿದರು, ನಾನು ಎಣಿಸಿದೆ. ಚೀಟಿ ಬಿಚ್ಚಿದಾಗ ಒಂದು ಗುಂಪಿನಲ್ಲಿ ಮೊಲ, ಇನ್ನೊಂದರಲ್ಲಿ ನವಿಲು. ಇಪ್ಪತ್ತೈದಾದರೆ ಏನಾಗುತ್ತದೋ ಗೊತ್ತಿಲ್ಲ, ಮೂವತ್ತೊಂಬತ್ತಾದರೆ ಆಕಾಶ ಚೆನ್ನಾಗಿಯೇ ಬೀಳುತ್ತದೆ.

ಇನ್ನು ಲೋಪದ ವರದಿ ಬರೆಯಬೇಕು. ಅದರಲ್ಲಿ 'ಮೂಲ ಕಾರಣ' ಎಂಬ ಒಂದು ಕಲಂ. ಪೀಣ್ಯದವರಿಗೆ ಫೋನು ಮಾಡಿ ಅವರ ಹಾಳೆಯನ್ನು ಲಗತ್ತಿಸುತ್ತೇನೆ ಅಂದೆ. ಅವರು, "ಬೇಕಾದ್ರೆ ಮಾತುಕತೆ ಬಿಟ್ಟು ಹೊತ್ತು ಮಾತ್ರ ಬರ್ದುಕೊಡ್ತೀನಿ ಮೇಡಂ. ಟೀಯಿಂದ ಬರೋದು ತಡ ಆಯ್ತು, ಅಷ್ಟೇ," ಅಂದರು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು. ಆದರೆ 'ಟೀಯಿಂದ ಬರುವುದು ತಡ' ಅಂತ ಬರೆದರೆ ಯಾರು ತಡ ಮಾಡಿದರೆಂದು ಮ್ಯಾನೇಜರ್ ಎರಡನೇ ಸಲ ಕೇಳುವುದಿಲ್ಲ. ಟೈಮರ್ ಸದ್ದು ಕೇಳಿಸದಷ್ಟು ದೂರದ ಟೀ ಅಂಗಡಿ ಅಂತ ಬರೆಯಬಹುದಿತ್ತು, ಅದೂ ಸುಳ್ಳಲ್ಲ. ಫಾರಂನ ವಿನ್ಯಾಸದ ಮೇಲೆ ಹಾಕಬಹುದಿತ್ತು, ಅದಂತೂ ಅರ್ಧ ನಿಜ. ಮೂರರ ಪರವಾಗಿಯೂ ನಾನು ಐದೈದು ನಿಮಿಷ ಮಾತಾಡಬಲ್ಲೆ ಎಂದು ಗೊತ್ತಾದಾಗ ನನಗೇ ಕಸಿವಿಸಿಯಾಯಿತು. "ಮಾತು ಇರ್ಲಿ ಸಾರ್, ಪೂರ್ತಿ ಕೊಡಿ," ಅಂದೆ.

ಸೋಮವಾರ ಬೆಳಿಗ್ಗೆ ಮ್ಯಾನೇಜರ್ ವರದಿ ಓದಿದರು. ಮೂಲ ಕಾರಣ ಎಂಬಲ್ಲಿ ಹೀಗಿತ್ತು: 'ನೆನೆಸುವ ಅವಧಿಯಲ್ಲಿ ಪರಿಶೀಲಕಿಯು ಟೆಕ್ನಿಷಿಯನ್ನರನ್ನು ವಾದದಲ್ಲಿ ತಡೆದು ಕೂರಿಸಿದ್ದು, ಅಳೆಯದ ಹೊತ್ತಿಗೆ ಸಹಿ ಹಾಕಿದ್ದು, ಹೆಚ್ಚು ನೆನೆದರೆ ತೊಂದರೆಯಿಲ್ಲವೆಂದು ಆಧಾರವಿಲ್ಲದೆ ಹೇಳಿದ್ದು.'

"ಇದನ್ನ ನಾನು ವೈಟ್‌ಫೀಲ್ಡಿಗೆ ಕಳಿಸ್ಬೇಕಾ?"

"ಹೌದು ಸಾರ್."

"ಕುಂಬಳಕಾಯಿ ಸಮೇತ?"

"ಲಗತ್ತು ಒಂದರಲ್ಲಿದೆ ಸಾರ್."

ಅವರು ಕಿಟಕಿಯಾಚೆ ಗೇಟಿನ ಕಡೆ ನೋಡಿದರು. ಆ ಕಾಯಿ ಕಟ್ಟಿಸಿದವರು ಅವರೇ. ಆಮೇಲೆ ಪೆನ್ನು ತೆಗೆದು 'ವಾದದಲ್ಲಿ' ಎಂಬುದನ್ನು ಹೊಡೆದು 'ಸಂವಾದದಲ್ಲಿ' ಅಂತ ಮಾಡಿದರು. ಅಕ್ಕ ಬೆಂಚಿನಲ್ಲೇ ಉಳಿದರು. ನನ್ನ ಪರಿಶೀಲನೆಯ ಸಹಿಯ ಅಧಿಕಾರ ಆರು ತಿಂಗಳು ಹೋಯಿತು. ಹೊಸ ಫಾರಂ ಅಚ್ಚಾಯಿತು. ಅದರಲ್ಲಿ ನಿಮಿಷದ ಜಾಗ ಖಾಲಿ, ಟ್ಯಾಂಕಿಗೆ ಹಾಕಿದ ಹೊತ್ತು, ಕರೆಂಟ್ ಹಾಕಿದ ಹೊತ್ತು ಕೈಯಲ್ಲೇ ಬರೆಯಬೇಕು. ಉಳಿದೆರಡು ಲ್ಯಾಬುಗಳೂ ಅದನ್ನೇ ತರಿಸಿಕೊಂಡವು. ಕುಂಕುಮವನ್ನು ನಾನೇ ತಂದು ಪೆಟ್ಟಿಗೆಗೆ ಇಟ್ಟೆ, ಗುಂಡಿಯಿಂದ ದೂರ.

ಪೀಣ್ಯದ ಟೆಕ್ನಿಷಿಯನ್ ಆಮೇಲೊಮ್ಮೆ ತಮ್ಮ ಗುಟ್ಟು ಹೇಳಿದರು. "ನಮ್ಮಲ್ಲಿ ಟೀ ಟ್ಯಾಂಕಿನ ಪಕ್ಕಕ್ಕೇ ಬರುತ್ತೆ ಮೇಡಂ. ಅದಕ್ಕೇ ನಮ್ಮ ಟೈಮು ಸರಿಯಾಗಿರೋದು. ಇದನ್ನ ಮಾತ್ರ ಎಲ್ಲೂ ಬರೀಬೇಡಿ." ಇಷ್ಟು ವರ್ಷ ಬರೆದಿರಲಿಲ್ಲ. ಪೀಣ್ಯ ದೊಡ್ಡದು.

ಎರಡನೇ ಸುತ್ತಿನಲ್ಲಿ ಮೂರೂ ಕಡೆ ನನಗೆ ಮೊಲದ ಬಾಲವೇ ಬಂತು. ಕೂದಲೆಳೆಯ ವ್ಯತ್ಯಾಸ ಉಳಿದಿತ್ತು, ಅಷ್ಟು ಇರುತ್ತದೆ ಎಂದು ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ, ಒಂದೇ ವಾಕ್ಯದಲ್ಲಿ.

ಬದಲಾದದ್ದು ಟೀ ಅಂಗಡಿ. ಟೈಮರ್ ಈಗ ಲ್ಯಾಬಿನಲ್ಲಿರುವುದಿಲ್ಲ, ಅಕ್ಕನ ಅಂಗೈಯಲ್ಲಿರುತ್ತದೆ. ಒಂದು ಮಂಗಳವಾರ ಕುಂಬಳಕಾಯಿಯ ಬಗ್ಗೆ ನನಗೆ ಕೊನೆಗೂ ಅಂಥದೊಂದು ಪಾಯಿಂಟ್ ಹೊಳೆದಿತ್ತು, ಅಕ್ಕನೂ ಟೀ ಅಂಗಡಿಯವರೂ ಸೇರಿ ಉತ್ತರಿಸಲಾಗದಂಥದ್ದು. ಲೋಟ ಕೆಳಗಿಟ್ಟು, "ಈಗ ನೋಡಿ ಅಕ್ಕ, ಒಂದು ವೇಳೆ ಆ ಕಾಯಿ..." ಅನ್ನುವಷ್ಟರಲ್ಲಿ ಅಕ್ಕನ ಅಂಗೈ ಕಿರ್‍ರೆಂದಿತು. ಅವರು ಉಳಿದರ್ಧ ಟೀಯನ್ನು ಹಾಗೇ ಬಿಟ್ಟು ಎದ್ದರು. ಗೇಟಿನ ಹತ್ತಿರ ತಲೆಯೆತ್ತಿ ಕಾಯಿಯನ್ನೊಮ್ಮೆ ನೋಡಿ, ಸೆರಗು ಸಿಕ್ಕಿಸಿಕೊಂಡು ಒಳಗೆ ನಡೆದರು.

ನಾನು ಬಾಯಿ ಮುಚ್ಚಿಕೊಂಡು ಹಿಂದೆಯೇ ಓಡಿದೆ.